ಅಟ್ಟದ ಮೇಲಿನ ಲ್ಯಾಪ್‌ಟಾಪ್, ಮಾಳಿಗೆಯ ಮೇಲಿನ ಟಾಕಿ

ಭಾಲ್ಕಿ ಸೀಮೆಯ ಭಾತಂಬ್ರಾದ ನಮ್ಮ ಮನೆಯ ಬೇಸಿಗೆ ರಾತ್ರಿಗಳಿಗೆ ಒಂದು ಸದ್ದಿತ್ತು. ಮಾಳಿಗೆಯ ಹರನಾಳಿಗೆಯಿಂದ ಅಂಗಳದ ಫರಸಿಯ ಮೇಲೆ ನೀರು ಧೋ ಎಂದು ಬೀಳುವ ಸದ್ದು. ಕರೆಂಟು ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಬಂದೀತು ಎಂಬ ಖಾತ್ರಿ ಇರದ ಕಾರಣ ಅವ್ವ ಬೋರಿನ ಬಟನ್ ಹಾಕಿಯೇ ಮಲಗುತ್ತಿದ್ದಳು. ನಡುರಾತ್ರಿ ಲೈನು ಬಂದರೆ ಮೋಟರು ತಾನೇ ಚಾಲೂ ಆಗುತ್ತದೆ, ಟಾಕಿ ತುಂಬುತ್ತದೆ, ಬೆಳಿಗ್ಗೆ ಎದ್ದವರಿಗೆ ನೀರಿರುತ್ತದೆ ಎಂಬುದು ಅವಳ ಲೆಕ್ಕ. ತುಂಬಿದ ಮೇಲೆ ನಿಲ್ಲಿಸುವವರು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. “ತಮ್ಮಾ, ನೀರ್ ಹೊಂಟಾವ ನೋಡು, ಮೋಟರ್ ಬಂದ್ ಮಾಡು” ಎಂದು ಅವಳು ಕೂಗಬೇಕು, ನಾನು ಕಣ್ಣುಜ್ಜಿಕೊಂಡು ಏಳಬೇಕು. ನಾನು ಬೀದರಿನಲ್ಲಿದ್ದ ದಿನ ಅವಳೇ ಕತ್ತಲಲ್ಲಿ ಗೋಡೆ ತಡವುತ್ತ ಹೋಗಬೇಕು.

ಭಾಲ್ಕಿ ಸೀಮೆಯಲ್ಲಿ ಏಪ್ರಿಲ್ ತಿಂಗಳ ಒಂದು ಕೊಡ ನೀರು ಚೆಲ್ಲುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೋರು ಒಂದು ಗಂಟೆ ಕೊಟ್ಟು ಸುಮ್ಮನಾಗುವ ಕಾಲವದು. ಆಮೇಲೂ ಮೋಟರು ತಿರುಗುತ್ತಲೇ ಇದ್ದರೆ ವೈಂಡಿಂಗ್ ಸುಡುತ್ತದೆ. ಸುಟ್ಟ ಮೋಟರನ್ನು ಬೋರಿನಿಂದ ಎತ್ತಿಸಿ, ಸುತ್ತಿಸಿ, ಮತ್ತೆ ಇಳಿಸುವ ಖರ್ಚಿನಲ್ಲಿ ಒಂದು ಮನೆಯ ತಿಂಗಳ ಕಿರಾಣಿ ಬರುತ್ತದೆ.

ಹೋಮ್ ಆಟೊಮೇಷನ್ ಎಂದರೆ ಜಾಹೀರಾತುಗಳಲ್ಲಿ ಕಾಣುವುದು ತಾನೇ ಸರಿಯುವ ಪರದೆ, ಬಣ್ಣ ಬದಲಿಸುವ ದೀಪ, ಮಾತು ಕೇಳುವ ಡಬ್ಬಿ. ಅವು ಬೇಕಾದವರಿಗೆ ಇರಲಿ. ನನಗೆ ಬೇಕಾದದ್ದು ಅವ್ವನ ನಿದ್ದೆ ಮತ್ತು ಬೋರಿನ ನೀರು. ಈ ಕೆಲಸಕ್ಕೆ ಕೈಹಾಕುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ: ದೀಪದಿಂದ ಶುರು ಮಾಡಬೇಡಿ. ದೀಪಕ್ಕೆ ಗೋಡೆಯ ಮೇಲೆ ಬಟನ್ ಇದೆ, ಅದು ಚೆನ್ನಾಗಿಯೇ ಇದೆ. ಮನೆಯಲ್ಲಿ ಯಾವ ಕೆಲಸ ದಿನಾ ಒಬ್ಬರ ನಿದ್ದೆ ಕೆಡಿಸುತ್ತದೋ ಅಲ್ಲಿಂದ ಶುರು ಮಾಡಿ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಆನ್‌ಲೈನಿನಲ್ಲಿ ಒಂದು ಸ್ಮಾರ್ಟ್ ಪ್ಲಗ್ ತರಿಸಿದೆ, ಅದರ ಆ್ಯಪ್ ಹಾಕಿಕೊಂಡೆ, ಪರೀಕ್ಷೆಗೆಂದು ಅಡುಗೆಮನೆಯ ದೀಪಕ್ಕೆ ಜೋಡಿಸಿದೆ. ನೆಟ್ ಇದ್ದಾಗ ಚೆಂದವಾಗಿ ನಡೆಯಿತು. ಎರಡನೇ ದಿನ ಮಳೆಗಾಳಿಗೆ ನೆಟ್ ಹೋಯಿತು. ಪ್ಲಗ್ ನನ್ನ ಕಣ್ಣೆದುರು ಹತ್ತು ಹೆಜ್ಜೆ ದೂರದಲ್ಲಿತ್ತು, ಮನೆಯ ವೈಫೈ ಪೆಟ್ಟಿಗೆಯೂ ಉರಿಯುತ್ತಿತ್ತು. ಆದರೂ ಫೋನು ‘ಸಾಧನ ಸಿಗುತ್ತಿಲ್ಲ’ ಎಂದಿತು. ನನ್ನ ಬೆರಳಿನ ಒತ್ತು ಭಾತಂಬ್ರಾದಿಂದ ಹೊರಟು, ಯಾವುದೋ ದೇಶದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಪ್ಪಣೆ ಪಡೆದು, ವಾಪಸು ನಮ್ಮ ಅಡುಗೆಮನೆಗೆ ಬರಬೇಕಿತ್ತು. ನೆಟ್ ಗಟ್ಟಿಯಿರುವ ಊರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮಂಥ ಊರಿನಲ್ಲಿ ವಾರಕ್ಕೊಮ್ಮೆ ಗೊತ್ತಾಗುತ್ತದೆ.

ಆ ದೂರದ ಕಂಪ್ಯೂಟರು ಒಂದು ದಿನ ಪೂರ್ತಿ ಬಂದ್ ಆದರೆ? ಆಗಿದೆ. ಅಮೆರಿಕದಲ್ಲಿ ರಿವಾಲ್ವ್ ಎಂಬ 299 ಡಾಲರಿನ ಮನೆ ನಿಯಂತ್ರಣ ಪೆಟ್ಟಿಗೆಯಿತ್ತು. ಅದನ್ನು ನೆಸ್ಟ್ ಕಂಪನಿ ಕೊಂಡುಕೊಂಡು 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ಗೋಡೆಗೆ ಹಾಕಿದ ಪೆಟ್ಟಿಗೆ ಕೆಡದೆಯೇ ಸತ್ತಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಇನ್ನೊಂದು ಕಂಪನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಆರಿದವು. ಆದರೆ ಆ ಸಾಧನಗಳನ್ನು ತಮ್ಮ ಮನೆಯೊಳಗಿನ ಕಂಪ್ಯೂಟರಿಗೆ ಕಟ್ಟಿಕೊಂಡಿದ್ದವರ ದೀಪಗಳು ಉರಿಯುತ್ತಲೇ ಇದ್ದವು. ಕೆಲವು ತಿಂಗಳಲ್ಲಿ ಬಳಕೆದಾರರ ಒಂದು ಗುಂಪೇ ಆ ಕಂಪನಿಯನ್ನು ಕೊಂಡು ಮತ್ತೆ ನಡೆಸಿತು.

ಮನೆಯೊಳಗಿನ ಕಂಪ್ಯೂಟರ್ ಎಂದೆನಲ್ಲ, ಅದರಲ್ಲಿ ಹೆಚ್ಚಿನವರು ಓಡಿಸುವ ತಂತ್ರಾಂಶದ ಹೆಸರು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್‌ಸನ್ ಎಂಬ ಡಚ್ ತಂತ್ರಜ್ಞ 2013ರಲ್ಲಿ ಅದನ್ನು ಶುರು ಮಾಡಿದ್ದು, ಹೊತ್ತು ಮುಳುಗಿದಾಗ ತನ್ನ ಮನೆಯ ದೀಪ ಹತ್ತಲಿ ಎಂಬ ಸಣ್ಣ ಆಸೆಯಿಂದ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ತಿದ್ದಬಹುದು. ಇವತ್ತು ಸಾವಿರಾರು ಜನ ಸೇರಿ ಅದನ್ನು ಬರೆಯುತ್ತಾರೆ. ಯಾವ ಕಂಪನಿಯೂ ಅದನ್ನು ನುಂಗಬಾರದೆಂದು 2024ರ ಏಪ್ರಿಲ್‌ನಲ್ಲಿ ಓಪನ್ ಹೋಮ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆಯ ಕೈಗೆ ಒಪ್ಪಿಸಿದರು. ಖಾಸಗಿತನ, ಆಯ್ಕೆ, ಬಾಳಿಕೆ ಈ ಮೂರು ಆ ಸಂಸ್ಥೆಯ ಸಂಕಲ್ಪ. ನನ್ನನ್ನು ಎಳೆದದ್ದು ಮೂರನೆಯದು. ಇರುವ ವಸ್ತುವನ್ನು ಎಸೆಯದೆ ದುಡಿಸಿಕೊಳ್ಳುವುದು ನಮ್ಮ ಮನೆಗಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಹರಿದ ಇಳಕಲ್ ಸೀರೆ ಕೌದಿಯಾಗುತ್ತದೆ.

ಬೀದರಿನ ನೌಬಾದ್ ಹತ್ತಿರದ ಕರೇಜ್ ನೋಡಿದವರಿಗೆ ‘ಮುಕ್ತ’ ಎಂಬುದರ ಅರ್ಥ ಬೇಗ ತಿಳಿಯುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಸುರಂಗ ಕಾಲುವೆಯದು. ನೆಲದ ಇಳುಕಲಿನ ಮೇಲೆಯೇ ನೀರು ತಾನಾಗಿ ಹರಿಯುತ್ತದೆ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ತೆರಪುಗಳಿವೆ. ಅವು ಗಾಳಿಗೂ ಹೌದು, ಮುಂದೆ ಬರುವವರು ಇಳಿದು ಹೂಳು ತೆಗೆಯಲಿ ಎಂಬುದಕ್ಕೂ ಹೌದು. ಆ ಬಾಯಿಗಳು ಇದ್ದದ್ದರಿಂದಲೇ ಶತಮಾನಗಳ ಆಮೇಲೆ ನಮ್ಮ ಕಾಲದವರು ಒಳಗಿಳಿದು ಹೂಳೆತ್ತಲು ಆಯಿತು. ಇಳಿಯಲು ಬಾಯಿಯೇ ಇಲ್ಲದಂತೆ ಬೆಸುಗೆ ಹಾಕಿ ಮಾರುವ ಸಾಧನವನ್ನು ಕೆಟ್ಟ ದಿನ ಭಂಗಾರಿನವನಿಗೆ ಕೊಡುವುದಷ್ಟೇ ಉಳಿಯುತ್ತದೆ.

ನಮ್ಮ ಅಟ್ಟದ ಮೇಲೆ ಒಂದು ಲ್ಯಾಪ್‌ಟಾಪ್ ಇತ್ತು. ನನ್ನ ತಮ್ಮ ಕಾಲೇಜಿಗೆ ಹೋಗುವಾಗ ಕೊಂಡದ್ದು. ಕೀಲು ಮುರಿದಿತ್ತು, ಕೀಬೋರ್ಡಿನ ಅರ್ಧ ಅಕ್ಷರ ಏಳುತ್ತಿರಲಿಲ್ಲ. ಹೋಮ್ ಅಸಿಸ್ಟೆಂಟಿಗೆ ಕೀಬೋರ್ಡೂ ಬೇಡ, ಪರದೆಯೂ ಬೇಡ. 64 ಬಿಟ್‌ನ ಪ್ರೊಸೆಸರ್, 2 ಜಿಬಿ ಮೆಮೊರಿ, 4 ಇದ್ದರೆ ಆರಾಮ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿದೆ. ಅದೊಂದು ಖರ್ಚು. ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಹೋಮ್ ಅಸಿಸ್ಟೆಂಟ್ ಇಳಿಸಿ, ಮುಚ್ಚಳ ಮುಚ್ಚಿದರೆ ನಿದ್ದೆಹೋಗಬಾರದೆಂದು ಒಂದು ಸಾಲು ತಿದ್ದಿ, ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ನಿಲ್ಲಿಸಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹೊಸ ವಿಂಡೋಸ್ ಹತ್ತದ ಯಂತ್ರಗಳು ಎಷ್ಟೋ ಮನೆಗಳಲ್ಲಿ ಬಟ್ಟೆಗಂಟಿನ ಕೆಳಗೆ ಸೇರಿವೆ. ಅವುಗಳಲ್ಲಿ ಬಹಳಷ್ಟು ಈ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಬಲದವು.

ಹೊಸದಾಗಿ ಕಲಿಯುವವರಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್ ಕೊಳ್ಳಿರಿ ಎಂದು ಹಲವರು ಹೇಳುತ್ತಾರೆ. ಒಳ್ಳೆಯ ಯಂತ್ರವೇ. ಆದರೆ ನಮ್ಮ ಕಡೆ ಹಳೆಯ ಲ್ಯಾಪ್‌ಟಾಪ್ ಅದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಅದರ ಹೊಟ್ಟೆಯಲ್ಲಿ ಬ್ಯಾಟರಿ ಇದೆ. ಕರೆಂಟು ಹೋದರೂ ಯಂತ್ರ ಏಳುಬೀಳು ಇಲ್ಲದೆ ನಡೆದೇ ಇರುತ್ತದೆ. ಇನ್ನೊಂದು ಲಾಭ ನನಗೆ ಆಮೇಲೆ ಹೊಳೆಯಿತು. ಚಾರ್ಜರಿಗೆ ಕರೆಂಟು ಬರುತ್ತಿದೆಯೋ ಇಲ್ಲವೋ ಎಂಬುದನ್ನು ಲಿನಕ್ಸ್ ಒಂದು ಪುಟ್ಟ ಕಡತದಲ್ಲಿ 1 ಅಥವಾ 0 ಎಂದು ಬರೆದಿಡುತ್ತದೆ. ಅಂದರೆ ಲೈನು ಬಂತೋ ಹೋಯಿತೋ ಎಂದು ತಿಳಿಸುವ ಸಾಧನವನ್ನು ಬೇರೆ ಕೊಳ್ಳಬೇಕಿಲ್ಲ. ಲ್ಯಾಪ್‌ಟಾಪೇ ಆ ಸಾಧನ. ಪರದೆ ಆರಿಸಿದ ಲ್ಯಾಪ್‌ಟಾಪ್ ಸುಮಾರು 15 ವಾಟ್ ತಿನ್ನುತ್ತದೆ ಎಂದುಕೊಂಡರೂ ದಿನಕ್ಕೆ 0.36 ಯೂನಿಟ್, ತಿಂಗಳಿಗೆ 11 ಯೂನಿಟ್. ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದನ್ನು ಈ ಕೆಲಸಕ್ಕೆ ಹಚ್ಚಬೇಡಿ. 70 ವಾಟ್ ಎಂದರೂ ತಿಂಗಳಿಗೆ 50 ಯೂನಿಟ್ ಆಗುತ್ತದೆ. ಅದು ಮಕ್ಕಳ ಓದಿಗೆ ಇರಲಿ. ಬೆಂಗಳೂರಿನ ಗೊಟ್ಟಿಗೆರೆ ಬಳಿಯ ಕೊಳಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಅಂಬೇಡ್ಕರ್ ಹೆಸರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕೇಂದ್ರ ನಡೆಸಿದ್ದು ಅಂಥ ಯಂತ್ರಗಳಿಂದಲೇ.

ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷಗಟ್ಟಲೆ ನೂರಕ್ಕೆ ನೂರು ಚಾರ್ಜಿನಲ್ಲೇ ಇಟ್ಟ ಲಿಥಿಯಂ ಬ್ಯಾಟರಿ ಉಬ್ಬುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಇದ್ದರೆ ಬಳಸಿ. ಹಳೆಯ ಫೋನನ್ನು ಗೋಡೆಗೆ ಹಚ್ಚಿ ಮನೆಯ ನೀರು, ಕರೆಂಟು ತೋರಿಸುವ ಹಲಗೆ ಮಾಡಿಕೊಂಡವರಿಗೂ ಇದೇ ಮಾತು. ಆ ಫೋನಿನ ಚಾರ್ಜರನ್ನು ಒಂದು ಪ್ಲಗ್ಗಿಗೆ ಹಾಕಿ, 30ಕ್ಕೆ ಇಳಿದಾಗ ಚಾಲೂ, 80ಕ್ಕೆ ಏರಿದಾಗ ಬಂದ್ ಎಂದು ನಿಯಮ ಬರೆದರೆ ಸಾಕು. ಫೋನು ತನ್ನ ಬ್ಯಾಟರಿ ಎಷ್ಟಿದೆ ಎಂದು ಹೋಮ್ ಅಸಿಸ್ಟೆಂಟಿಗೆ ತಾನೇ ಹೇಳುತ್ತಿರುತ್ತದೆ. ಈಗಾಗಲೇ ಉಬ್ಬಿದ ಬ್ಯಾಟರಿ ಇದ್ದರೆ ಅದನ್ನು ಮನೆಯೊಳಗೆ ಒಂದು ದಿನವೂ ಇಡಬೇಡಿ.

ನಾನು ಮೊದಲು ತರಿಸಿದ ಆ ಕಂಪನಿಯ ಪ್ಲಗ್ ಏನಾಯಿತು? ಅದನ್ನೂ ಎಸೆಯಲಿಲ್ಲ. ಇಂಥ ಎಷ್ಟೋ ಅಗ್ಗದ ಪ್ಲಗ್ಗುಗಳ ಒಳಗೆ ಇರುವುದು ಚೀನಾದ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ವೈಫೈ ಚಿಪ್ಪು. 2014ರ ಸುಮಾರಿಗೆ ಅದು ಮಾರುಕಟ್ಟೆಗೆ ಬಂದಾಗ ಪ್ರಪಂಚದ ಹವ್ಯಾಸಿಗಳೆಲ್ಲ ಅದರ ಬೆನ್ನುಬಿದ್ದರು. ಥಿಯೋ ಅರೆಂಡ್ಸ್ ಎಂಬುವರು ಅಂಥ ಸಾಧನಗಳಿಗಾಗಿ ಟಾಸ್ಮೋಟಾ ಎಂಬ ಮುಕ್ತ ತಂತ್ರಾಂಶ ಬರೆದರು. ಕಂಪನಿಯ ತಂತ್ರಾಂಶ ಅಳಿಸಿ ಇದನ್ನು ಹಾಕಿದರೆ ಪ್ಲಗ್ ಹೊರದೇಶದ ಅಪ್ಪಣೆ ಕೇಳುವುದನ್ನು ಬಿಟ್ಟು ಮನೆಯ ಮಾತು ಕೇಳುತ್ತದೆ. ಹೊರಗಿನ ಹೆಸರು ಕಂಪನಿಯದೇ ಇರುತ್ತದೆ. ಭಾಲ್ಕಿ ಸೀಮೆಯವನಾದ ನನಗೆ ಆ ಹೊತ್ತಿನಲ್ಲಿ ನೆನಪಾದವರು ಡಾ. ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ನಮ್ಮ ಅಜ್ಜನ ತಲೆಮಾರಿನವರು ಆ ಬೋರ್ಡಿನ ಕತೆ ಹೇಳಿಯೇ ನಮ್ಮನ್ನು ಅಕ್ಷರಕ್ಕೆ ಹಚ್ಚಿದ್ದರು. ಒಂದು ಪ್ಲಗ್ಗಿನ ಕೆಲಸ ಅದರ ಮುಂದೆ ತೃಣ. ಆದರೂ ಒಳಗಿನ ಮಾತು ಯಾರದು ಎಂಬ ಪ್ರಶ್ನೆಯನ್ನು ಕೇಳಲು ಕಲಿತದ್ದು ನಾನು ಅಲ್ಲಿಂದಲೇ.

ಹೀಗೆ ಪ್ಲಗ್ಗಿನ ತಂತ್ರಾಂಶ ಬದಲಿಸುವವರು ಎರಡು ಸಂಗತಿ ಮರೆಯಬಾರದು. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಬಿಚ್ಚಬೇಕು. ತಂತ್ರಾಂಶ ತುಂಬುವಾಗ ಚಿಪ್ಪಿಗೆ 3.3 ವೋಲ್ಟ್ ಮಾತ್ರ ಕೊಡಬೇಕು, 5 ಕೊಟ್ಟರೆ ಹೋಗುತ್ತದೆ. ಗೋಡೆಯ 230 ವೋಲ್ಟಿನಲ್ಲಿ ಇರುವಾಗಲೇ ಕಂಪ್ಯೂಟರಿನ ತಂತಿ ಜೋಡಿಸಿದರೆ ಜೀವಕ್ಕೇ ಅಪಾಯ. ಇನ್ನು ಈಚಿನ ಹಲವು ಪ್ಲಗ್ಗುಗಳಲ್ಲಿ ಬೇರೆ ಚಿಪ್ಪು ಬರುತ್ತಿದೆ, ಆದ್ದರಿಂದ ಬಿಚ್ಚುವ ಮುಂಚೆ ಒಳಗೇನಿದೆ ಎಂದು ವಿಚಾರಿಸಿಕೊಳ್ಳಿ.

ಈಗ ಟಾಕಿ. ಒಂದು ಸಾವಿರ ಲೀಟರಿನ ಕಪ್ಪು ಪ್ಲಾಸ್ಟಿಕ್ ಟಾಕಿ, ಮಾಳಿಗೆಯ ಮೇಲೆ. ಅದರ ಮುಚ್ಚಳಕ್ಕೆ ತೂತು ಕೊರೆದು, ಕಾರು ಹಿಂದೆ ತೆಗೆಯುವಾಗ ಕೀಂಕೀಂ ಎನ್ನುವ ಬಂಪರಿನ ಗುಂಡಿಯಂಥದೇ ನೀರು ತಾಗದ ಸೆನ್ಸರ್ ಕೂಡಿಸಿದೆ. ಕಿವಿಗೆ ಕೇಳದ ಸದ್ದನ್ನು ಅದು ಕೆಳಗೆ ಬಿಡುತ್ತದೆ. ಸದ್ದು ನೀರಿಗೆ ಬಡಿದು ಮರಳಿ ಬರಲು ಎಷ್ಟು ಹೊತ್ತಾಯಿತು ಎಂಬುದರಿಂದ ನೀರು ಎಷ್ಟು ಕೆಳಗಿದೆ ಎಂದು ತಿಳಿಯುತ್ತದೆ. ಬಾವಿಗೆ ಕಲ್ಲು ಹಾಕಿ ಗುಳುಂ ಎನ್ನುವುದನ್ನು ಕೇಳಿ ಆಳ ಹೇಳುತ್ತಿದ್ದ ಹಿರಿಯರ ಲೆಕ್ಕವೇ ಇದು. ಸೆನ್ಸರ್ ಮೂತಿಯಿಂದ 20-25 ಸೆಂಟಿಮೀಟರ್ ಒಳಗಿರುವುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಪೂರ್ತಿ ತುಂಬಿದ ನೀರಿಗಿಂತ ಅಷ್ಟು ಎತ್ತರದಲ್ಲಿ ಇರುವಂತೆ ಪೈಪಿನ ತುಂಡೊಂದರ ಮೇಲೆ ಕೂಡಿಸಬೇಕು. ಸೆನ್ಸರಿನ ತಂತಿ ಇಎಸ್‌ಪಿ ಚಿಪ್ಪಿನ ಒಂದು ಸಣ್ಣ ಬೋರ್ಡಿಗೆ ಬರುತ್ತದೆ. ಸೆನ್ಸರ್ 5 ವೋಲ್ಟಿನದು, ಬೋರ್ಡಿನ ಕಾಲು 3.3 ವೋಲ್ಟಿನದು, ನಡುವೆ ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು. ಇಎಸ್‌ಪಿಹೋಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಹತ್ತಿಪ್ಪತ್ತು ಸಾಲು ಬರೆದರೆ ಕೆಲಸ ಮುಗಿಯುತ್ತದೆ.

ಜನವರಿಯಲ್ಲಿ ಸರಿಯಾಗಿ ಹೇಳುತ್ತಿದ್ದ ಸೆನ್ಸರ್ ಮೇ ತಿಂಗಳ ಮಧ್ಯಾಹ್ನ ಸುಳ್ಳು ಹೇಳತೊಡಗಿತು. ಖಾಲಿ ಟಾಕಿಯಲ್ಲಿ ಇಲ್ಲದ ನೀರು ತೋರಿಸುತ್ತಿತ್ತು. ಎರಡು ದಿನ ತಂತಿ ಕಿತ್ತು ಹಾಕಿದ ಮೇಲೆ ಶಾಲೆಯ ವಿಜ್ಞಾನ ನೆನಪಿಗೆ ಬಂತು. ಸದ್ದು 20 ಡಿಗ್ರಿಯ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್ ಓಡಿದರೆ 42 ಡಿಗ್ರಿಯಲ್ಲಿ ಸುಮಾರು 356 ಮೀಟರ್ ಓಡುತ್ತದೆ. ಬಿಸಿಲಲ್ಲಿ ಕಾದ ಕಪ್ಪು ಟಾಕಿಯೊಳಗೆ ಸದ್ದು ಬೇಗ ಮರಳಿ ಬಂದು, ನೀರು ಇರುವುದಕ್ಕಿಂತ ಮೇಲಿದೆ ಎನ್ನಿಸುತ್ತದೆ. ಒಂದು ಮೀಟರಿಗೆ 4 ಸೆಂಟಿಮೀಟರ್ ತಪ್ಪು. ನಮ್ಮ ಟಾಕಿಯ ಅಗಲಕ್ಕೆ ಅದು 30 ಲೀಟರ್, ಎರಡು ಕೊಡಕ್ಕಿಂತ ಹೆಚ್ಚು. ಒಂದು ಉಷ್ಣತೆಯ ಸೆನ್ಸರ್ ಪಕ್ಕಕ್ಕೆ ಹಾಕಿ ಲೆಕ್ಕ ತಿದ್ದಿದ ಮೇಲೆ ಸರಿಹೋಯಿತು. ಈ ತಪ್ಪು ಹಿಡಿದ ದಿನದ ಸಂತೋಷ ನನಗೆ ಇವತ್ತಿಗೂ ಇದೆ. ಬೀಗ ಹಾಕಿದ ಸಾಧನದಲ್ಲಿ ಆ ಸಾಲನ್ನು ನಾನು ತಿದ್ದಲು ಆಗುತ್ತಲೇ ಇರಲಿಲ್ಲ.

ಟಾಕಿಯ ಸುದ್ದಿ ಗೂಡಿನ ಲ್ಯಾಪ್‌ಟಾಪಿಗೆ ಹೋಗುವುದು ಎಂಕ್ಯೂಟಿಟಿ ಎಂಬ ಸಂವಹನ ಪದ್ಧತಿಯಿಂದ. ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಇದನ್ನು ಕಟ್ಟಿದ್ದು ಮನೆಗಳಿಗಲ್ಲ. ನಿರ್ಜನ ಪ್ರದೇಶದ ತೈಲದ ಪೈಪುಗಳ ಸ್ಥಿತಿಯನ್ನು ದುಬಾರಿ, ದುರ್ಬಲ ಉಪಗ್ರಹ ಸಂಪರ್ಕದ ಮೇಲೆ ತಿಳಿಯಲು. ಕಡಿಮೆ ಮಾತು, ಕಡಿದುಹೋಗುವ ಸಂಪರ್ಕ, ಇವೆರಡಕ್ಕೂ ಹೇಳಿ ಮಾಡಿಸಿದ್ದು. ಊರ ಕಟ್ಟೆಯ ಹಾಗೆ ನಡುವೆ ಒಂದು ಜಾಗ ಇರುತ್ತದೆ. ಟಾಕಿ ಅಲ್ಲಿ ಬಂದು ‘ನಾನು ಅರ್ಧ ಇದ್ದೇನೆ’ ಎಂದು ಹೇಳಿ ಹೋಗುತ್ತದೆ. ಆ ಸುದ್ದಿ ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಯಾರು ಕೇಳುತ್ತಾರೆಂದು ಟಾಕಿಗೆ ಗೊತ್ತಿರಬೇಕಿಲ್ಲ. ಸಂಪರ್ಕ ಹಠಾತ್ತಾಗಿ ಕಡಿದರೆ ಏನು ಸಾರಬೇಕು ಎಂಬುದನ್ನು ಸಾಧನ ಮೊದಲೇ ಅಲ್ಲಿ ಬರೆಸಿಟ್ಟಿರುತ್ತದೆ. ನಮ್ಮ ಟಾಕಿ ಮೌನವಾದರೆ ಮೋಟರು ಬಂದ್ ಆಗಬೇಕು ಎಂಬ ನಿಯಮ ನಾನು ಬರೆದದ್ದು ಆ ಸೌಲಭ್ಯದ ಮೇಲೆ.

ಮೋಟರಿಗೆ ಕೈಹಾಕುವಾಗ ಊರಿನ ಎಲೆಕ್ಟ್ರಿಷಿಯನ್ ಕಾಕಾ ಅವರನ್ನು ಕರೆದೆ. ಅವರು ನನ್ನ ಪ್ಲಗ್ ನೋಡಿ ತಲೆ ಅಲ್ಲಾಡಿಸಿದರು. “ಇದು ಬಲ್ಬಿಗಿ ಛಲೋ ಅದ. ಮೋಟರಿಗಿ ಹಚ್ಚಿದ್ರ ಮಾತ್ರ ಸುಡ್ತದ.” ಅವರ ಮಾತು ನೂರಕ್ಕೆ ನೂರು ನಿಜ. ಒಂದು ಎಚ್‌ಪಿ ಮೋಟರು ಚಾಲೂ ಆಗುವ ಕ್ಷಣದಲ್ಲಿ ನಡೆಯುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಪ್ಲಗ್ಗಿನೊಳಗಿನ ರಿಲೇ ಎಂಬ ಸಣ್ಣ ಸ್ವಿಚ್ಚಿನ ಚುಕ್ಕೆಗಳು ಅಂಟಿಕೊಂಡರೆ ಮೋಟರು ನಿಲ್ಲುವುದೇ ಇಲ್ಲ. ಅವರು ಒಂದು ಕಾಂಟ್ಯಾಕ್ಟರ್ ಹಾಕಿದರು. ಮೋಟರಿನ ಭಾರವನ್ನು ಅದು ಹೊರುತ್ತದೆ, ನನ್ನ ರಿಲೇ ಅದರ ಕಾಯಿಲ್ಲಿಗಷ್ಟೇ ಕರೆಂಟು ಕೊಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಕ್ಷಣೆ ಇದ್ದ ಹಾಗೇ ಉಳಿಯಿತು. ಗೋಡೆಯ ಹಳೆಯ ಬಟನ್ನನ್ನೂ ತೆಗೆಯಲಿಲ್ಲ. ಪಕ್ಕದಲ್ಲಿ ‘ಕೈ’ ಮತ್ತು ‘ಯಂತ್ರ’ ಎಂದು ಎರಡು ಕಡೆ ತಿರುಗುವ ಸ್ವಿಚ್ಚು ಬಂತು. ಲ್ಯಾಪ್‌ಟಾಪ್ ಕೆಟ್ಟ ದಿನವೂ ಅವ್ವನಿಗೆ ನೀರು ಸಿಗಬೇಕು. ಬಟನ್ನು ಒತ್ತಿದರೆ ಕೆಲಸ ಮಾಡದ ಮನೆಯನ್ನು ಯಾರೂ ಕಟ್ಟಬಾರದು.

ಕರೆಂಟು ಬಂದಾಗ ರಿಲೇ ಬಂದ್ ಸ್ಥಿತಿಯಲ್ಲೇ ಏಳಬೇಕು, ಇದನ್ನು ಮೊದಲೇ ಹೊಂದಿಸಿಡಬೇಕು. ಆಮೇಲೆ ಲ್ಯಾಪ್‌ಟಾಪ್ ಮೂರು ನಿಮಿಷ ಕಾಯುತ್ತದೆ, ಲೈನು ನಿಂತಿದೆಯೇ ನೋಡುತ್ತದೆ. ಟಾಕಿ ಶೇಕಡಾ ಮೂವತ್ತಕ್ಕಿಂತ ಕೆಳಗಿದ್ದರೆ ಮೋಟರು ಚಾಲೂ, ತೊಂಬತ್ತಕ್ಕೆ ಬಂದ್. ಮೋಟರಿನ ತಂತಿಗೆ ಬಳೆಯ ಹಾಗೆ ತೊಡಿಸಿದ ಒಂದು ಸುರುಳಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದೆ. ಬೋರಿನ ನೀರು ಮುಗಿದರೆ ಮೋಟರಿಗೆ ಎತ್ತುವ ಭಾರವಿಲ್ಲ, ಕರೆಂಟು ಇಳಿಯುತ್ತದೆ. ಇಳಿದರೆ ಬಂದ್ ಮಾಡಿ ಎರಡು ಗಂಟೆ ಬೋರಿಗೆ ವಿಶ್ರಾಂತಿ. ಸೆನ್ಸರ್ ತಪ್ಪಿದರೂ ಇರಲಿ ಎಂದು ಟಾಕಿಯ ಬಾಯಿಯ ಹತ್ತಿರ ಹಳೆಯ ಕಾಲದ ತೇಲುವ ಚೆಂಡಿನ ಸ್ವಿಚ್ಚನ್ನು ಕಾಂಟ್ಯಾಕ್ಟರಿನ ಕಾಯಿಲ್ ತಂತಿಯಲ್ಲೇ ಹಾಕಿದ್ದೇವೆ. ಅದಕ್ಕೆ ಯಾವ ತಂತ್ರಾಂಶವೂ ಬೇಡ. ವೈಫೈ ಪೆಟ್ಟಿಗೆಗೆ 12 ವೋಲ್ಟಿನ ಒಂದು ಪುಟ್ಟ ಬ್ಯಾಟರಿ ಡಬ್ಬಿ ಇದೆ. ನೆಟ್ ಇಲ್ಲದ ದಿನವೂ ಇದೆಲ್ಲ ನಡೆಯುತ್ತದೆ, ಯಾಕೆಂದರೆ ಯಾವ ಮಾತೂ ನಮ್ಮ ಕಾಂಪೌಂಡ್ ದಾಟುವುದಿಲ್ಲ. ವಾರಕ್ಕೊಮ್ಮೆ ಎಲ್ಲ ನಿಯಮಗಳ ನಕಲು ಒಂದು ಪೆನ್‌ಡ್ರೈವಿಗೆ ಇಳಿಯುತ್ತದೆ.

ಹೊಲದ ಪಂಪ್‌ಸೆಟ್ ಇನ್ನೊಂದು ಕತೆ. ಅಲ್ಲಿಗೆ ವೈಫೈ ಮುಟ್ಟುವುದಿಲ್ಲ. ಅದಕ್ಕೆ ನಮ್ಮ ಗಡಿಯಾಚೆ ಉತ್ತರ ಸಿಕ್ಕು ಬಹಳ ವರ್ಷವಾಯಿತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ಅವರು ಮೊಬೈಲ್ ಫೋನನ್ನೇ ಸ್ಟಾರ್ಟರಿಗೆ ಜೋಡಿಸಿ, ಕರೆ ಮಾಡಿದರೆ ಪಂಪು ಚಾಲೂ ಆಗುವ ನ್ಯಾನೊ ಗಣೇಶ್ ಮಾಡಿದರು. 2009ರಲ್ಲಿ ನೋಕಿಯಾದ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂತು. ಈಗ ನಮ್ಮ ಸೀಮೆಯ ಹೊಲಗಳಲ್ಲಿ ‘ಮೊಬೈಲ್ ಸ್ಟಾರ್ಟರ್’ ಎಂದರೆ ಎಲ್ಲರಿಗೂ ಗೊತ್ತು. ರಾತ್ರಿ ಹಾವು ಚೇಳಿನ ಹೆದರಿಕೆಯಲ್ಲಿ ಹೊಲಕ್ಕೆ ನಡೆಯುವುದನ್ನು ತಪ್ಪಿಸಿದ ಸಾಧನವದು. ಮನೆಯ ಯಂತ್ರಗಳ ಮಾತು ಎತ್ತಿದರೆ ಪೇಟೆಯವರ ಶೋಕಿ ಎನ್ನುವವರಿಗೆ ನಾನು ತೋರಿಸುವುದು ಅದನ್ನೇ. ರೈತರು ಈ ದಾರಿಯಲ್ಲಿ ಮೊದಲೇ ನಡೆದಿದ್ದಾರೆ.

ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿನ, ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದೊಂದು ಊರಿನ ಒಂದೊಂದು ಟಾಕಿ ಹಿಡಿದರೆ ಎಷ್ಟು ಚೆನ್ನ ಎಂದು ನನಗೆ ಆಸೆ. ಶಾಲೆಯ ಟಾಕಿ, ಅಂಗನವಾಡಿಯ ಟಾಕಿ, ಗುಡಿಯ ಟಾಕಿ. ಭಂಗಾರಿಗೆ ಹೋಗಲಿರುವ ಲ್ಯಾಪ್‌ಟಾಪುಗಳು ಬೇಕಾದಷ್ಟಿವೆ.

ಹೋದ ವಾರ ರಾತ್ರಿ ಎರಡರ ಸುಮಾರಿಗೆ ಲೈನು ಬಂತು. ಎಚ್ಚರವಾಗಿ ಕಿವಿಗೊಟ್ಟು ಮಲಗಿದ್ದೆ. ಮೂರು ನಿಮಿಷಕ್ಕೆ ಕಾಂಟ್ಯಾಕ್ಟರ್ ಟಕ್ ಎಂದಿತು, ಬೋರು ಗುಂಯ್ ಎಂದಿತು. ಮುಕ್ಕಾಲು ಗಂಟೆಗೆ ಮತ್ತೆ ಟಕ್. ಆಮೇಲೆ ಹರನಾಳಿಗೆಯಿಂದ ಏನೂ ಬೀಳಲಿಲ್ಲ. ಬೆಳಿಗ್ಗೆ ಚಹಾ ಕೊಡುತ್ತ ಅವ್ವ ಕೇಳಿದಳು, “ರಾತ್ರಿ ಲೈನ್ ಬಂದಿತ್ತೇನ್ ತಮ್ಮಾ? ನನಗ ಗೊತ್ತೇ ಆಗ್ಲಿಲ್ಲ.”